ಒಸಾಕಾ ಎಕ್ಸ್‌ಪೋ ಲಾಭದಲ್ಲಿ ಮುಗಿಯಿತು ಎಂಬ ಮಾತನ್ನು ಹೇಗೆ ಓದಬೇಕು?

ಪ್ರಶ್ನೆ: ಕೆರೆಯಂಗಳ

ಒಸಾಕಾದ ಯುಮೆಶಿಮಾ ದ್ವೀಪದಲ್ಲಿ 2025ರ ಏಪ್ರಿಲ್ 13ರಿಂದ ಅಕ್ಟೋಬರ್ 13ರವರೆಗೆ ನಡೆದ ವಿಶ್ವ ಎಕ್ಸ್‌ಪೋ ಕುರಿತು ಎರಡು ಬಗೆಯ ಬರಹಗಳನ್ನು ಓದುತ್ತಿದ್ದೇನೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಅವು ಒಂದೇ ಮೇಳದ ಕುರಿತಾದವು ಎಂದು ನಂಬುವುದು ಕಷ್ಟ. ಶುರುವಿನಲ್ಲಿ ಜಪಾನಿನವರೇ ಮೂಗು ಮುರಿದಿದ್ದ ಮೇಳಕ್ಕೆ ಕೊನೆಕೊನೆಗೆ ಟಿಕೆಟ್ ಸಿಗದಷ್ಟು ಜನ ಮುಗಿಬಿದ್ದರು, ಒಟ್ಟು ಎರಡೂವರೆ ಕೋಟಿಗೂ ಹೆಚ್ಚು ಮಂದಿ ಬಂದುಹೋದರು, ಆಯೋಜಕರ ಕೈಯಲ್ಲಿ 2,300ರಿಂದ 2,800 ಕೋಟಿ ಯೆನ್ ಉಳಿಯುವ ಅಂದಾಜಿದೆ, ಆದ್ದರಿಂದ ಟೀಕಾಕಾರರ ಬಾಯಿ ಮುಚ್ಚಿತು ಎನ್ನುವುದು ಒಂದು ಬಗೆ. ಕಟ್ಟಡಗಳ ವೆಚ್ಚ ಮೊದಲ ಅಂದಾಜಿನ ಹೆಚ್ಚುಕಡಿಮೆ ಎರಡರಷ್ಟಾಯಿತು, ಕೆಲವು ವಿದೇಶಿ ಪೆವಿಲಿಯನ್‌ಗಳನ್ನು, ಅಂದರೆ ದೇಶಗಳ ಪ್ರದರ್ಶನ ಮಂಟಪಗಳನ್ನು, ಕಟ್ಟಿದ ಸಣ್ಣ ಉಪಗುತ್ತಿಗೆದಾರರು ಹಣಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ, ಮೇಳವೆಂಬುದು ಕ್ಯಾಸಿನೊಗೆ ದಾರಿ ಮಾಡಿಕೊಡಲು ಹೂಡಿದ ನೆಪ ಎನ್ನುವುದು ಇನ್ನೊಂದು ಬಗೆ.

ನಾನು ನಗರ ಯೋಜನೆಯ ವಿದ್ಯಾರ್ಥಿ. ಇಂಥ ಮೇಳಗಳ ಪರಂಪರೆಯ ಬಗ್ಗೆ ಪ್ರಬಂಧವೊಂದನ್ನು ಬರೆಯಬೇಕಾಗಿದೆ. ಲಾಭ ಎಂದು ಹೇಳುತ್ತಿರುವ ಲೆಕ್ಕದಲ್ಲಿ ಏನೇನು ಸೇರಿದೆ, ಏನೇನು ಸೇರಿಲ್ಲ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ. ಸಮುದ್ರದ ನಡುವಿನ ಖಾಲಿ ದ್ವೀಪವನ್ನೇ ಆರಿಸಿದ್ದು ಯಾರ ಹಠ ಎಂಬುದೂ ನನಗೆ ಸ್ಪಷ್ಟವಾಗಿಲ್ಲ. ಅದೇ ಒಸಾಕಾ ಪ್ರಾಂತ್ಯದಲ್ಲಿ 1970ರಲ್ಲಿ ನಡೆದ ಎಕ್ಸ್‌ಪೋವನ್ನು ಎಲ್ಲರೂ ಯಶಸ್ಸಿನ ಮಾದರಿ ಎಂದು ಉಲ್ಲೇಖಿಸುತ್ತಾರಲ್ಲ, ಆ ಹೋಲಿಕೆ ಎಷ್ಟರಮಟ್ಟಿಗೆ ಸರಿ ಎಂದೂ ತಿಳಿಯುವ ಆಸೆಯಿದೆ.

ಉತ್ತರ: ಯೋದೊ ತೀರ

ಒಸಾಕಾ ಸುತ್ತಲಿನ ಕನ್ಸಾಯ್ ಭಾಗದಲ್ಲಿ ಬಹಳ ಕಾಲದಿಂದ ನೆಲೆಸಿರುವುದರಿಂದ ಈ ಜಗಳವನ್ನು ಹತ್ತಿರದಿಂದ ನೋಡಿದ್ದೇನೆ. ನಿಮ್ಮ ಮೊದಲ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಗೊಂದಲಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಈ ಎಕ್ಸ್‌ಪೋಗೆ ಎರಡು ಬೇರೆ ಬೇರೆ ಖಾತೆಗಳಿದ್ದವು. ಮೈದಾನ ಸಿದ್ಧಪಡಿಸಿ ಕಟ್ಟಡಗಳನ್ನು ಎಬ್ಬಿಸುವ ಖಾತೆ ಒಂದು. ಅದರ ಮೊದಲ ಅಂದಾಜು 12,500 ಕೋಟಿ ಯೆನ್ ಇದ್ದದ್ದು 2020ರಲ್ಲಿ 18,500 ಕೋಟಿಗೂ 2023ರಲ್ಲಿ 23,500 ಕೋಟಿಗೂ ಏರಿತು. ಈ ಹಣವನ್ನು ಕೇಂದ್ರ ಸರ್ಕಾರ ಒಂದು ಪಾಲು, ಒಸಾಕಾ ಪ್ರಾಂತ್ಯ ಮತ್ತು ನಗರ ಸೇರಿ ಒಂದು ಪಾಲು, ಉದ್ಯಮ ವಲಯ ಒಂದು ಪಾಲು ಎಂದು ಹಂಚಿಕೊಂಡವು. ಆರು ತಿಂಗಳು ಮೇಳವನ್ನು ನಡೆಸುವ ಖರ್ಚಿನದು ಎರಡನೆಯ ಖಾತೆ. ಸುಮಾರು 11,600 ಕೋಟಿ ಯೆನ್‌ನ ಈ ಖರ್ಚನ್ನು ಮುಖ್ಯವಾಗಿ ಟಿಕೆಟ್ ಹಣದಿಂದ ತುಂಬಿಸಬೇಕಾಗಿತ್ತು. ಟಿಕೆಟ್ ನಿರೀಕ್ಷೆಗಿಂತ ಚೆನ್ನಾಗಿ ಮಾರಾಟವಾಯಿತು. ಕೆಂಪು ನೀಲಿ ಬಣ್ಣದ, ಮೈತುಂಬ ಕಣ್ಣುಗಳ ಮ್ಯಾಕು ಮ್ಯಾಕು ಎಂಬ ಲಾಂಛನದ ಗೊಂಬೆಯನ್ನು ಮೊದಮೊದಲು ವಿಕಾರ ಎಂದು ಹೀಗಳೆದವರೇ ಆಮೇಲೆ ಅಂಗಡಿಯ ಮುಂದೆ ಸಾಲು ನಿಂತು ಕೊಂಡರು. ಹಾಗಾಗಿ ಎರಡನೆಯ ಖಾತೆಯಲ್ಲಿ ಹಣ ಉಳಿಯಿತು. ನೀವು ಓದಿದ ಲಾಭ ಎಂದರೆ ಇಷ್ಟೇ. ಮದುವೆಯ ಖರ್ಚಿನಲ್ಲಿ ಛತ್ರದ ಬಾಡಿಗೆ, ಒಡವೆ, ಜವಳಿ ಎಲ್ಲವನ್ನೂ ಬದಿಗಿಟ್ಟು, ಅಡಿಗೆಯವರ ಲೆಕ್ಕವೊಂದನ್ನೇ ಮುಯ್ಯಿಯ ಹಣದೊಂದಿಗೆ ತಾಳೆ ನೋಡಿ ಮದುವೆಯಲ್ಲಿ ಲಾಭವಾಯಿತು ಎಂದು ಹೇಳಿದಂತೆ ಇದು. ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಮದುವೆ ಮಾಡಿದವನ ಸಾಲದ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ.

ಈ ಎರಡು ಖಾತೆಗಳ ಹೊರಗೂ ಖರ್ಚುಗಳಿವೆ. ಭದ್ರತೆಯ ವೆಚ್ಚವನ್ನು ಕೇಂದ್ರ ಸರ್ಕಾರ ಪ್ರತ್ಯೇಕವಾಗಿ ಭರಿಸಿತು. ದ್ವೀಪಕ್ಕೆ ಮೆಟ್ರೊದ ಚುವೊ ಮಾರ್ಗವನ್ನು ವಿಸ್ತರಿಸಿ 2025ರ ಜನವರಿ 19ರಂದು ನಿಲ್ದಾಣ ತೆರೆದದ್ದು, ರಸ್ತೆಗಳನ್ನು ಅಗಲ ಮಾಡಿದ್ದು, ನೆಲವನ್ನು ಗಟ್ಟಿಗೊಳಿಸಿದ್ದು, ಇವೆಲ್ಲ ಮೂಲಸೌಕರ್ಯದ ಹೆಸರಿನಲ್ಲಿ ಬೇರೆ ಕಡತಗಳಲ್ಲಿವೆ. ಇವನ್ನೆಲ್ಲ ಎಕ್ಸ್‌ಪೋ ತಲೆಗೇ ಕಟ್ಟುವುದು ಅನ್ಯಾಯ ಎಂದು ವಾದಿಸಬಹುದು, ಏಕೆಂದರೆ ಮೆಟ್ರೊ ಮೇಳ ಮುಗಿದ ಮೇಲೂ ಓಡುತ್ತದೆ. ಆದರೆ ಆ ಮೆಟ್ರೊ ಯಾರಿಗಾಗಿ ಓಡುತ್ತದೆ ಎಂದು ಕೇಳಿದ ಕೂಡಲೇ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇವೆ.

ಯುಮೆಶಿಮಾ ನೈಸರ್ಗಿಕ ದ್ವೀಪವಲ್ಲ. 1970ರ ದಶಕದ ಕೊನೆಯಿಂದ ಒಸಾಕಾ ನಗರವು ಬಂದರಿನಲ್ಲಿ ಬಗೆದ ಹೂಳು, ಕಟ್ಟಡ ಕಾಮಗಾರಿಯ ಮಣ್ಣು ಮತ್ತು ಕಸವನ್ನು ಸಮುದ್ರಕ್ಕೆ ಸುರಿದು ಮಾಡಿದ ಸುಮಾರು 390 ಹೆಕ್ಟೇರ್ ನೆಲವದು. 1988ರಲ್ಲಿ, ಜಮೀನಿನ ಬೆಲೆ ಆಕಾಶ ಮುಟ್ಟಿದ್ದ ಕಾಲದಲ್ಲಿ, ಇಂಥ ಮೂರು ದ್ವೀಪಗಳನ್ನು ಸೇರಿಸಿ ಕೊಲ್ಲಿಯ ಅಂಚಿನಲ್ಲಿ ಹೊಸ ಪಟ್ಟಣವೊಂದನ್ನೇ ಎಬ್ಬಿಸುವ ಟೆಕ್ನೊಪೋರ್ಟ್ ಒಸಾಕಾ ಯೋಜನೆ ರೂಪುಗೊಂಡಿತು. ಆ ಬೆಲೆಯೇರಿಕೆಯ ಗುಳ್ಳೆ ಒಡೆದ ಮೇಲೆ ಕೊಳ್ಳುವವರೇ ಇಲ್ಲವಾದರು. ಪಕ್ಕದ ಸಕಿಶಿಮಾದಲ್ಲಿ ಸರ್ಕಾರಿ ಪಾಲುದಾರಿಕೆಯಲ್ಲಿ ಎದ್ದ ಗಗನಚುಂಬಿ ಕಟ್ಟಡ ದಿವಾಳಿಯೆದ್ದು ಕೊನೆಗೆ ಪ್ರಾಂತ್ಯದ ಕಚೇರಿಯಾಯಿತು. ಯುಮೆಶಿಮಾ ಹಾಗೆಯೇ ಬಿದ್ದಿತ್ತು. 2008ರ ಒಲಿಂಪಿಕ್ಸ್ ಸಿಕ್ಕರೆ ಅಲ್ಲಿ ಕ್ರೀಡಾಗ್ರಾಮ ಕಟ್ಟಬೇಕೆಂಬ ಯೋಜನೆಯಿತ್ತು. 2001ರ ಮತದಾನದಲ್ಲಿ ಒಸಾಕಾಗೆ ಬಿದ್ದದ್ದು ಕೇವಲ 6 ಮತ, ಮೊದಲ ಸುತ್ತಿನಲ್ಲೇ ಅದು ಹೊರಬಿತ್ತು. ಹೀಗೆ ಈ ದ್ವೀಪ ಒಂದು ತಲೆಮಾರಿನ ಆಡಳಿತಗಾರರಿಗೆ ನುಂಗಲೂ ಆಗದ ಉಗುಳಲೂ ಆಗದ ತುತ್ತಾಗಿತ್ತು.

ಒಸಾಕಾವನ್ನು ಆಳುತ್ತಿರುವ ಇಶಿನ್ ಪಕ್ಷ ಈ ಹಿನ್ನೆಲೆಯಲ್ಲಿ ಮುಂದೆ ಬರುತ್ತದೆ. ಆಗ ಗವರ್ನರ್ ಆಗಿದ್ದ ಮತ್ಸುಯಿ ಇಚಿರೊ ಅವರು 2016ರಲ್ಲಿ ಎಕ್ಸ್‌ಪೋಗೆ ಯುಮೆಶಿಮಾವೇ ಆಗಬೇಕೆಂದು ಮುಂದಿಟ್ಟರು. ಕ್ಯಾಸಿನೊ ಒಳಗೊಂಡ ವಿಹಾರ ಸಂಕೀರ್ಣಗಳಿಗೆ, ಇಲ್ಲಿನವರ ಮಾತಿನಲ್ಲಿ ಐಆರ್‌ಗೆ, ಅವಕಾಶ ಕೊಡುವ ಕಾನೂನು 2018ರ ಜುಲೈಯಲ್ಲಿ ಅಂಗೀಕಾರವಾಯಿತು. ಅದೇ ವರ್ಷದ ನವೆಂಬರ್ 23ರಂದು ಪ್ಯಾರಿಸ್‌ನಲ್ಲಿ ಒಸಾಕಾ ಎಕ್ಸ್‌ಪೋವನ್ನು ಗೆದ್ದಿತು. ದ್ವೀಪದಲ್ಲಿ ಐಆರ್ ಕಟ್ಟುವ ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2023ರ ಏಪ್ರಿಲ್‌ನಲ್ಲಿ, ಅದು ಬಾಗಿಲು ತೆರೆಯಬೇಕಾಗಿರುವುದು 2030ರಲ್ಲಿ. ಆ ಜಾಗದ ನೆಲ ದುರಸ್ತಿಗೆ ಸುಮಾರು 7,900 ಕೋಟಿ ಯೆನ್ ಕೊಡಲು ನಗರ ಒಪ್ಪಿಕೊಂಡಿತು. ಮೇಳ ಬೇರೆ, ಐಆರ್ ಬೇರೆ ಎಂದು ಆಡಳಿತದವರು ಹೇಳುತ್ತಲೇ ಬಂದರು. ಕಾಗದದ ಮೇಲೆ ಅದು ನಿಜ. ಆದರೆ ಜೂಜುಕಟ್ಟೆಗಾಗಿ ಮೆಟ್ರೊ ಹಾಕುತ್ತೇವೆ ಎಂದು ಯಾವ ಮೇಯರ್ ಮತ ಕೇಳಿಯಾನು? ಮಕ್ಕಳು ಮರಿಗಳೊಂದಿಗೆ ನೋಡಬಹುದಾದ ಎಕ್ಸ್‌ಪೋಗಾಗಿ ಹಾಕುತ್ತೇವೆ ಎಂದರೆ ಯಾರೂ ಬೇಡ ಎನ್ನುವುದಿಲ್ಲ. ನೆಪ ಎಂಬ ಪದ ನನಗೂ ಒರಟಾಗಿ ಕಾಣುತ್ತದೆ. ಒಬ್ಬಂಟಿಯಾಗಿ ನಿಂತಿದ್ದರೆ ಒಪ್ಪಿಗೆ ಸಿಗದಿದ್ದ ಕೆಲಸಗಳಿಗೆ ಎಕ್ಸ್‌ಪೋ ಒಂದು ಗೌರವದ ಹೆಸರನ್ನೂ ಮುಂದೂಡಲಾಗದ ಗಡುವನ್ನೂ ಕೊಟ್ಟಿತು ಎನ್ನುವುದು ಹೆಚ್ಚು ಸರಿ.

ಕಸದ ಮೇಲೆ ಕಟ್ಟಿದ್ದರ ಫಲವೂ ಕಣ್ಣಿಗೆ ಬಿತ್ತು. 2024ರ ಮಾರ್ಚ್‌ನಲ್ಲಿ ಶೌಚಾಲಯದ ಕಟ್ಟಡವೊಂದರಲ್ಲಿ ಬೆಸುಗೆ ಕೆಲಸ ನಡೆಯುತ್ತಿದ್ದಾಗ ನೆಲದಡಿಯಿಂದ ಬಂದ ಮೀಥೇನ್ ಅನಿಲಕ್ಕೆ ಕಿಡಿ ತಾಗಿ ಸ್ಫೋಟವಾಯಿತು. ಮೇಳ ನಡೆಯುತ್ತಿದ್ದ 2025ರ ಆಗಸ್ಟ್ 13ರ ರಾತ್ರಿ ಆ ಒಂದೇ ಮೆಟ್ರೊ ಮಾರ್ಗ ಕೆಟ್ಟು ನಿಂತು, ಸುಮಾರು 30,000 ಜನ ದ್ವೀಪದಿಂದ ಹೊರಬರಲಾಗದೆ ಸಿಕ್ಕಿಕೊಂಡರು.

ಉತ್ತರ: ಹಳೆಯ ಸಂಚಿಕೆ

ಮೇಲಿನವರು ದ್ವೀಪದ ಕಥೆಯನ್ನು ಹೇಳಿಯಾಗಿದೆ. ನಾನು 1970ರ ಬಗ್ಗೆ ಬರೆಯುತ್ತೇನೆ, ಏಕೆಂದರೆ ಆ ಎಕ್ಸ್‌ಪೋ ಇಂದು ಎಲ್ಲರ ಸಿಹಿನೆನಪಾಗಿರುವುದರಿಂದ ಅದರ ಸುತ್ತಲಿನ ರಾಜಕೀಯ ಪೂರ್ತಿ ಮರೆತುಹೋಗಿದೆ.

ಅಂಕಿಅಂಶಗಳು ನಿಜಕ್ಕೂ ಬೆರಗು ಹುಟ್ಟಿಸುವಂಥವು. ಮಾರ್ಚ್ 15ರಿಂದ ಸೆಪ್ಟೆಂಬರ್ 13ರವರೆಗೆ ಸೆನ್ರಿ ಗುಡ್ಡಗಳ ಮೇಲೆ ನಡೆದ ಆ ಮೇಳಕ್ಕೆ 6.4 ಕೋಟಿ ಜನ ಬಂದರು. ಸೆಪ್ಟೆಂಬರ್ 5ರಂದು ಒಂದೇ ದಿನ ಬಂದವರು 8,35,000ಕ್ಕೂ ಹೆಚ್ಚು. 2010ರಲ್ಲಿ ಶಾಂಘೈಗೆ 7.3 ಕೋಟಿ ಜನ ಬರುವವರೆಗೂ ಈ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಅಮೆರಿಕದ ಪೆವಿಲಿಯನ್ನಿನಲ್ಲಿ ಇಟ್ಟಿದ್ದ ಚಂದ್ರನ ಕಲ್ಲನ್ನು ನೋಡಲು ಜನ ಗಂಟೆಗಟ್ಟಲೆ ನಿಂತರು. ಏಷ್ಯಾದಲ್ಲಿ ನಡೆದ ಮೊದಲ ವಿಶ್ವ ಎಕ್ಸ್‌ಪೋ ಅದು. ಜಪಾನ್ ಅದಕ್ಕೂ ಮುಂಚೆ 1940ರಲ್ಲಿ ಟೋಕಿಯೊದಲ್ಲಿ ಒಂದನ್ನು ನಡೆಸಬೇಕೆಂದು ಟಿಕೆಟ್‌ಗಳನ್ನೂ ಮಾರಿ, ಚೀನಾದೊಂದಿಗಿನ ಯುದ್ಧದ ಕಾರಣ 1938ರಲ್ಲಿ ಕೈಬಿಟ್ಟಿತ್ತು. ಆ ಹಳೆಯ ಟಿಕೆಟ್‌ಗಳನ್ನು ಜೋಪಾನವಾಗಿ ಇಟ್ಟುಕೊಂಡವರಿಗೆ 1970ರ ಮೇಳದಲ್ಲೂ 2005ರ ಐಚಿ ಎಕ್ಸ್‌ಪೋದಲ್ಲೂ ಒಳಗೆ ಬಿಟ್ಟರು ಎಂಬುದು ಎಕ್ಸ್‌ಪೋ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ.

ಆದರೆ ಆ ಕಾಲದ ಯುವಕರು ಈ ಮೇಳವನ್ನು ಹೇಗೆ ಕಂಡರು ಎಂಬುದನ್ನೂ ನೋಡಬೇಕು. ಜಪಾನ್ ಮತ್ತು ಅಮೆರಿಕದ ನಡುವಿನ ಭದ್ರತಾ ಒಪ್ಪಂದ ಮುಂದುವರಿಯಬೇಕಾಗಿದ್ದದ್ದು 1970ರ ಜೂನ್‌ನಲ್ಲಿ. ಹತ್ತು ವರ್ಷ ಮುಂಚೆ ಇದೇ ಒಪ್ಪಂದದ ವಿರುದ್ಧ ಲಕ್ಷಾಂತರ ಜನ ಬೀದಿಗಿಳಿದಿದ್ದರು. ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಜನರ ಗಮನವನ್ನು ರಾಜಕೀಯದಿಂದ ಬೇರೆಡೆಗೆ ಸೆಳೆಯಲೆಂದೇ ಸರ್ಕಾರ ಈ ಹಬ್ಬವನ್ನು ಏರ್ಪಡಿಸಿದೆ ಎಂದು ನಂಬಿದವರು 1969ರ ಆಗಸ್ಟ್‌ನಲ್ಲಿ ಒಸಾಕಾ ಕೋಟೆಯ ಉದ್ಯಾನದಲ್ಲಿ ಹನ್‌ಪಾಕು ಎಂಬ ಪ್ರತಿಮೇಳವನ್ನೇ ನಡೆಸಿದರು. ಮೇಳ ಆರಂಭವಾದ ಮೇಲೆ, ಏಪ್ರಿಲ್ ಕೊನೆಯಲ್ಲಿ, ಕೆಂಪು ಹೆಲ್ಮೆಟ್ ತೊಟ್ಟ ಯುವಕನೊಬ್ಬ ಮೇಳದ ನಟ್ಟನಡುವೆ ನಿಂತಿದ್ದ ಸೂರ್ಯಗೋಪುರದ ತುದಿಯ ಚಿನ್ನದ ಮುಖದ ಕಣ್ಣಿನೊಳಗೆ ಹತ್ತಿ ಕುಳಿತು ಸುಮಾರು ಒಂದು ವಾರ ಕೆಳಗಿಳಿಯಲಿಲ್ಲ. ಇಂದಿನ ಕಾಫಿ ಟೇಬಲ್ ಪುಸ್ತಕಗಳಲ್ಲಿ ಈ ಚಿತ್ರ ಅಪರೂಪ.

ಇನ್ನೊಂದು ಪರಂಪರೆಯನ್ನು ಯಾರೂ ಮೇಳದ ಹೆಸರಿಗೆ ಬರೆಯುವುದಿಲ್ಲ. ತ್ಸುರುಗಾ ಅಣು ವಿದ್ಯುತ್ ಸ್ಥಾವರದ ವಿದ್ಯುತ್ ಎಕ್ಸ್‌ಪೋ ಉದ್ಘಾಟನೆಯ ಹೊತ್ತಿಗೆ ಮೈದಾನಕ್ಕೆ ಹರಿಯಿತು, ಆಗಸ್ಟ್‌ನಲ್ಲಿ ಮಿಹಾಮಾ ಸ್ಥಾವರದ್ದೂ ಸೇರಿತು. ಅಣುಶಕ್ತಿ ಎಂದರೆ ಹಿರೊಶಿಮಾ ಎಂದೇ ಅರ್ಥವಾಗಿದ್ದ ದೇಶದಲ್ಲಿ ಮೇಳದ ದೀಪಾಲಂಕಾರವೇ ಆ ಸ್ಥಾವರಗಳಿಗೆ ಜಾಹೀರಾತಾಯಿತು. ಫುಕುಯಿ ಪ್ರಾಂತ್ಯದ ಕರಾವಳಿಯಲ್ಲಿ ಆಮೇಲೆ ಸಾಲಾಗಿ ಸ್ಥಾವರಗಳು ಎದ್ದವು.

ಈಗ ಉಳಿದಿರುವುದರ ಬಗ್ಗೆ. ವಾಸ್ತುಶಿಲ್ಪಿ ಕೆಂಜೊ ಟಾಂಗೆ ರೂಪಿಸಿದ ಹಬ್ಬದ ಚೌಕಕ್ಕೆ ಉಕ್ಕಿನ ಭಾರಿ ಚಾವಣಿಯಿತ್ತು. ಕಲಾವಿದ ಟಾರೊ ಒಕಾಮೊಟೊ ತಮ್ಮ 70 ಮೀಟರ್ ಎತ್ತರದ ಸೂರ್ಯಗೋಪುರಕ್ಕಾಗಿ ಆ ಚಾವಣಿಯಲ್ಲಿ ದುಂಡನೆಯ ತೂತು ಬಿಡಿಸಿ, ಗೋಪುರದ ತಲೆ ಅದರಿಂದ ಮೇಲೆ ಇಣುಕುವಂತೆ ಮಾಡಿದರು. ಮಾನವಕುಲದ ಪ್ರಗತಿ ಮತ್ತು ಸಾಮರಸ್ಯ ಎಂಬುದು ಮೇಳದ ಘೋಷವಾಕ್ಯವಾಗಿದ್ದರೆ, ಆ ಪ್ರಗತಿಯ ಮಾತಿನಲ್ಲೇ ನಂಬಿಕೆಯಿಲ್ಲದ ಕಲಾವಿದ ಅದರ ನಟ್ಟನಡುವೆ ಆದಿಮ ದೇವತೆಯಂಥ ಆಕೃತಿಯನ್ನು ನಿಲ್ಲಿಸಿದ್ದ. ಮೇಳ ಮುಗಿದ ಮೇಲೆ ಗೋಪುರವನ್ನೂ ಕೆಡವಬೇಕಾಗಿತ್ತು. ಜನ ಬೇಡವೆಂದರು, 1975ರಲ್ಲಿ ಅದನ್ನು ಶಾಶ್ವತವಾಗಿ ಉಳಿಸುವ ತೀರ್ಮಾನವಾಯಿತು. ಚಾವಣಿ ಹೋಯಿತು, ಗೋಪುರ ಉಳಿಯಿತು. ನೆಲಮಾಳಿಗೆಯಲ್ಲಿದ್ದ ಅದರ ನಾಲ್ಕನೆಯ ಮುಖ ಎಲ್ಲಿ ಹೋಯಿತೆಂಬುದು ಇಂದಿಗೂ ಪತ್ತೆಯಾಗಿಲ್ಲ. ಗೋಪುರದ ಒಳಭಾಗ ದಶಕಗಳ ಕಾಲ ಮುಚ್ಚಿದ್ದು, ಭೂಕಂಪ ತಡೆಯುವಂತೆ ಬಲಪಡಿಸಿದ ಬಳಿಕ 2018ರ ಮಾರ್ಚ್‌ನಲ್ಲಿ ಮತ್ತೆ ತೆರೆಯಿತು.

ಆ ನೆಲಮಾಳಿಗೆಯ ಪ್ರದರ್ಶನಕ್ಕೆಂದು ಯುವ ಮಾನವಶಾಸ್ತ್ರಜ್ಞರನ್ನು ಲೋಕದ ಮೂಲೆಮೂಲೆಗೆ ಕಳಿಸಿ ಮುಖವಾಡ, ವಿಗ್ರಹ, ಬಳಕೆಯ ಸಾಮಾನುಗಳನ್ನು ತರಿಸಿದ್ದರು. ಆ ಸಂಗ್ರಹವನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರವಾಗಿ ಅದೇ ಉದ್ಯಾನದಲ್ಲಿ 1977ರಲ್ಲಿ ರಾಷ್ಟ್ರೀಯ ಜನಾಂಗಶಾಸ್ತ್ರ ಸಂಗ್ರಹಾಲಯ ತೆರೆಯಿತು, ಮಾನವಶಾಸ್ತ್ರಜ್ಞ ತದಾವೊ ಉಮೆಸಾವೊ ಅದರ ಮೊದಲ ನಿರ್ದೇಶಕರಾದರು. ನನ್ನ ದೃಷ್ಟಿಯಲ್ಲಿ 1970ರ ಎಕ್ಸ್‌ಪೋದಿಂದ ಆದ ಅತಿ ದೊಡ್ಡ ಉಪಕಾರ ಇದೇ, ಗೋಪುರವಲ್ಲ. ಉಳಿದ ಸುಮಾರು 1,900 ಕೋಟಿ ಯೆನ್ ಹಣದಿಂದ ನಿಧಿಯೊಂದನ್ನು ಸ್ಥಾಪಿಸಿದರು, ಅದರ ಬಡ್ಡಿಯಿಂದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಕೆಲಸಗಳಿಗೆ ಧನಸಹಾಯ ಕೊಡುತ್ತ ಬಂದಿದ್ದಾರೆ. ಎಲ್ಲವೂ ಚೆನ್ನಾಗಿಯೇ ಆಯಿತೆಂದಲ್ಲ. ಮೇಳದಿಂದ ಉಳಿದಿದ್ದ ಎಕ್ಸ್‌ಪೋಲ್ಯಾಂಡ್ ಮನೋರಂಜನಾ ಉದ್ಯಾನ 2007ರ ರೋಲರ್ ಕೋಸ್ಟರ್ ಅಪಘಾತದಲ್ಲಿ ಸಾವು ಸಂಭವಿಸಿದ ಮೇಲೆ ಚೇತರಿಸಿಕೊಳ್ಳದೆ ಮುಚ್ಚಿತು, ಈಗ ಆ ಜಾಗದಲ್ಲಿ ಮಾಲ್ ಇದೆ.

ನಿಮ್ಮ ಪ್ರಬಂಧಕ್ಕೆ ಒಂದು ಸೂಚನೆ: 1970ರ ಪರಂಪರೆ ಎಂದು ನಾವು ಹೊಗಳುವ ಬಹುಪಾಲು ಸಂಗತಿಗಳು ಮೇಳ ಮುಗಿದ ನಂತರದ ತೀರ್ಮಾನಗಳಿಂದ ಬಂದವು. ಆ ತೀರ್ಮಾನಗಳು ಸಾಧ್ಯವಾದದ್ದು, ಮೈದಾನದ ಬಹುಭಾಗವನ್ನು ಮಾರದೆ ಸಾರ್ವಜನಿಕ ಉದ್ಯಾನವಾಗಿ ಇಟ್ಟುಕೊಂಡಿದ್ದರಿಂದ.

ಉತ್ತರ: ಕಂಬತೊಲೆ

ಇಬ್ಬರ ಮಾತುಗಳನ್ನೂ ಗೌರವದಿಂದ ಓದಿದೆ, ಆದರೆ ಪೂರ್ತಿ ಒಪ್ಪಲಾರೆ. ಕಟ್ಟಡ ನಿರ್ಮಾಣ ಕ್ಷೇತ್ರದಲ್ಲಿರುವ ನನಗೆ ಇಡೀ ಚರ್ಚೆ ಜಮೀನು ಮತ್ತು ಜೂಜಿನ ಸುತ್ತಲೇ ತಿರುಗುತ್ತಿರುವುದು ಸರಿಯೆನಿಸುತ್ತಿಲ್ಲ.

2025ರ ಮೈದಾನವನ್ನು ಬಳಸಿ ನಿಂತಿದ್ದ, ವಾಸ್ತುಶಿಲ್ಪಿ ಸೊ ಫುಜಿಮೊಟೊ ವಿನ್ಯಾಸದ ಮರದ ಮಹಾ ಉಂಗುರವನ್ನೇ ತೆಗೆದುಕೊಳ್ಳಿ. ಸುತ್ತಳತೆ ಎರಡು ಕಿಲೋಮೀಟರ್, ಹೊರ ಅಂಚಿನ ಎತ್ತರ 20 ಮೀಟರ್, ವಿಸ್ತೀರ್ಣ 61,000 ಚದರ ಮೀಟರಿಗೂ ಹೆಚ್ಚು. ಜಗತ್ತಿನ ಅತಿ ದೊಡ್ಡ ಮರದ ವಾಸ್ತುರಚನೆ ಎಂದು ಗಿನ್ನೆಸ್ ದಾಖಲೆಗೆ ಸೇರಿತು. ವಿರೋಧ ಪಕ್ಷದವರು 3,440 ಕೋಟಿ ಯೆನ್‌ನ ಇದನ್ನು ಜಗತ್ತಿನ ಅತಿ ದುಬಾರಿ ಕೊಡೆ ಎಂದು ಹಂಗಿಸಿದರು. ನಾನು ಅದರ ಕೆಳಗೆ ನಿಂತು ಕಂಬಗಳನ್ನು ನೋಡಿದ್ದೇನೆ. ಅಡ್ಡತೊಲೆಯು ಕಂಬವನ್ನು ತೂರಿಕೊಂಡು ಆಚೆ ಬರುತ್ತದೆ, ತೂತಿನ ಸಂದಿಗೆ ಬೆಣೆ ಹೊಡೆದು ಬಿಗಿ ಮಾಡಿರುತ್ತಾರೆ. ಕ್ಯೋಟೊದ ಹಳೆಯ ದೇವಾಲಯಗಳಲ್ಲಿ ಕಾಣುವ ಈ ನುಕಿ ಎಂಬ ಜೋಡಣೆಗೆ ಇಂದಿನ ಭೂಕಂಪ ನಿಯಮಗಳಿಗೆ ತಕ್ಕಂತೆ ಲೋಹದ ಬಲವನ್ನೂ ಸೇರಿಸಿದ್ದಾರೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಅದನ್ನು ಮಾಡಿ ತೋರಿಸಿದ್ದರಿಂದ ಮರಗೆಲಸದ ಒಂದು ತಲೆಮಾರಿಗೆ ಕೈ ಪಳಗಿತು. ಯುದ್ಧಾನಂತರ ನೆಟ್ಟ ದೇವದಾರು ತೋಪುಗಳು ಬಲಿತು ಕಡಿಯುವವರಿಲ್ಲದೆ ನಿಂತಿರುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ಸುಡುಬಿಸಿಲಿನ ಜುಲೈನಲ್ಲಿ ಅದು ಕೊಡೆಯಾಗಿಯೂ ಒದಗಿತು. ಹಂಗಿಸಿದವರಲ್ಲಿ ಎಷ್ಟು ಜನ ಅದರ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದರೋ.

ನನ್ನ ಬೇಸರವೇನೆಂದರೆ, ಇಂಥದ್ದರಲ್ಲಿ ಸುಮಾರು 200 ಮೀಟರ್ ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಬಿಚ್ಚುವ ತೀರ್ಮಾನವಾಗಿದೆ. 2024ರ ಜನವರಿಯ ಭೂಕಂಪದಲ್ಲಿ ನೆಲಸಮವಾದ ನೊತೊ ಭಾಗದ ಸುಜು ನಗರದಲ್ಲಿ ಮನೆ ಕಟ್ಟಲು ಒಂದಿಷ್ಟು ಮರ ಹೋಗುತ್ತದೆ ಎಂಬುದು ಸಮಾಧಾನದ ಸಂಗತಿ. ಉಳಿದ ತೊಲೆಗಳು ಮತ್ತೆ ಬಳಕೆಗೆ ಬರುತ್ತವೆಯೋ ಚೂರುಗಳಾಗಿ ಬಾಯ್ಲರ್ ಸೇರುತ್ತವೆಯೋ ಎಂಬುದು ಕ್ಯಾಸಿನೊಗಿಂತ ಮುಖ್ಯವಾದ ಪರಂಪರೆಯ ಪ್ರಶ್ನೆ ಎಂದು ನಾನು ತಿಳಿದಿದ್ದೇನೆ.

ಮರುಪ್ರಶ್ನೆ: ಕೆರೆಯಂಗಳ

ಮೂವರಿಗೂ ವಂದನೆಗಳು. ಕಂಬತೊಲೆಯವರೇ, ಉಂಗುರದ ಮಾತನ್ನು ಖಂಡಿತ ಸೇರಿಸಿಕೊಳ್ಳುತ್ತೇನೆ. ಯೋದೊ ತೀರದವರ ವಿವರಣೆಯಿಂದ ಹೊಸ ಸಂದೇಹವೊಂದು ಹುಟ್ಟಿದೆ. ಜಮೀನಿನ ಯೋಜನೆಗಳಿಗೆ ಎಕ್ಸ್‌ಪೋ ಗೌರವದ ಹೆಸರಾಗುತ್ತದೆ ಎಂದಾದರೆ, ಅದನ್ನು ಯಾರೂ ತಡೆದದ್ದಿಲ್ಲವೇ? ಆತಿಥ್ಯದ ಹಕ್ಕನ್ನು ಕೊಡುವ, ಎಕ್ಸ್‌ಪೋಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಪ್ಯಾರಿಸ್‌ನ ಬಿಐಇ ಇಂಥದ್ದನ್ನೆಲ್ಲ ಪರಿಶೀಲಿಸುವುದಿಲ್ಲವೇ?

ಉತ್ತರ: ಯೋದೊ ತೀರ

ತಡೆದ ಉದಾಹರಣೆಗಳಿವೆ, ಜಪಾನಿನಲ್ಲೇ ಎರಡು. ಟೋಕಿಯೊ ಕೊಲ್ಲಿಯಲ್ಲಿ ಸಮುದ್ರ ತುಂಬಿಸಿ ಮಾಡಿದ ನೆಲದಲ್ಲಿ 1996ರಲ್ಲಿ ನಡೆಯಬೇಕಾಗಿದ್ದ ವಿಶ್ವ ನಗರ ಪ್ರದರ್ಶನವನ್ನು ರದ್ದು ಮಾಡುತ್ತೇನೆಂದು ಹೇಳಿಯೇ ಅಒಶಿಮಾ ಯುಕಿಒ 1995ರಲ್ಲಿ ಗವರ್ನರ್ ಚುನಾವಣೆ ಗೆದ್ದರು, ಗೆದ್ದ ಮರುತಿಂಗಳೇ ರದ್ದು ಮಾಡಿದರು. ಅದು ಬಿಐಇ ಎಕ್ಸ್‌ಪೋ ಅಲ್ಲ, ಆದರೆ ಹಿಂದಿದ್ದ ತರ್ಕ ಯುಮೆಶಿಮಾದ್ದೇ.

ಎರಡನೆಯದು ನಿಮ್ಮ ಪ್ರಶ್ನೆಗೆ ನೇರ ಉತ್ತರ. 2005ರ ಎಕ್ಸ್‌ಪೋವನ್ನು ಐಚಿ ಪ್ರಾಂತ್ಯ ಪಡೆದಾಗ, ಸೆತೊ ನಗರದ ಅಂಚಿನ ಕೈಶೊ ಕಾಡಿನಲ್ಲಿ ಮೇಳ ನಡೆಸಿ ಬಳಿಕ ಅಲ್ಲಿ ಹೆದ್ದಾರಿ ಮತ್ತು ವಸತಿ ಬಡಾವಣೆ ಮಾಡುವುದು ಯೋಜನೆಯಾಗಿತ್ತು. ಸ್ಥಳೀಯರು ವರ್ಷಗಟ್ಟಲೆ ವಿರೋಧಿಸಿದರು. 1999ರಲ್ಲಿ ಆ ಕಾಡಿನಲ್ಲಿ ಅಪರೂಪದ ಗಿಡುಗದ ಗೂಡು ಸಿಕ್ಕಿತು. ಅದೇ ವರ್ಷ ಬಂದ ಬಿಐಇ ಅಧಿಕಾರಿಗಳು, ಇದು ಎಕ್ಸ್‌ಪೋ ಹೆಸರಿನಲ್ಲಿ ಬೆಟ್ಟ ಕಡಿದು ಬಡಾವಣೆ ಮಾಡುವ ಕೆಲಸವಾಗಿದೆ ಎಂದು ಮುಚ್ಚಿದ ಕೋಣೆಯಲ್ಲಿ ಖಾರವಾಗಿ ಹೇಳಿದ್ದು 2000ದ ಜನವರಿಯಲ್ಲಿ ಪತ್ರಿಕೆಗಳಿಗೆ ಸೋರಿತು. ಬಡಾವಣೆ ರದ್ದಾಯಿತು, ಮೇಳದ ಬಹುಭಾಗ ಆಗಲೇ ಇದ್ದ ಯುವಜನ ಉದ್ಯಾನವೊಂದಕ್ಕೆ ಸ್ಥಳಾಂತರವಾಯಿತು. ಅಲ್ಲಿ ಈಗ 2022ರಲ್ಲಿ ತೆರೆದ ಜಿಬ್ಲಿ ಪಾರ್ಕ್ ಇದೆ. 2.2 ಕೋಟಿ ಜನ ಬಂದ ಆ ಎಕ್ಸ್‌ಪೋವನ್ನು ಇಂದು ಪರಿಸರದ ಎಕ್ಸ್‌ಪೋ ಎಂದು ಆಯೋಜಕರೇ ಹೆಮ್ಮೆಯಿಂದ ಕರೆಯುತ್ತಾರೆ. ಆ ಹೆಸರನ್ನು ಗಳಿಸಿಕೊಟ್ಟವರು ಅದನ್ನು ವಿರೋಧಿಸಿದವರು.

ಆದರೆ ಬಿಐಇ ಮೇಲೆ ಹೆಚ್ಚು ಭರವಸೆ ಇಡುವುದು ಬೇಡ. ಅದು 1928ರ ಒಪ್ಪಂದದಿಂದ ಹುಟ್ಟಿದ ಸದಸ್ಯ ರಾಷ್ಟ್ರಗಳ ಕೂಟ. ದೊಡ್ಡ ದೇಶಕ್ಕೂ ಪುಟ್ಟ ದ್ವೀಪರಾಷ್ಟ್ರಕ್ಕೂ ಒಂದೊಂದೇ ಮತ, ಅದೂ ಗುಪ್ತ ಮತದಾನ. ಆದ್ದರಿಂದ ಸ್ಪರ್ಧೆಯೆಂಬುದು ಬಹುಮಟ್ಟಿಗೆ ವಿದೇಶಾಂಗ ಸಚಿವಾಲಯಗಳ ಕೆಲಸವಾಗುತ್ತದೆ. 2018ರ ಅಂತಿಮ ಸುತ್ತಿನಲ್ಲಿ ಒಸಾಕಾ ರಷ್ಯಾದ ಯೆಕಟೆರಿನ್‌ಬರ್ಗ್ ನಗರವನ್ನು 92ಕ್ಕೆ 61 ಮತಗಳಿಂದ ಸೋಲಿಸಿತು. 2030ರ ಎಕ್ಸ್‌ಪೋಗೆ 2023ರಲ್ಲಿ ನಡೆದ ಮತದಾನದಲ್ಲಿ ರಿಯಾದ್‌ಗೆ 119, ಬುಸಾನ್‌ಗೆ 29, ರೋಮ್‌ಗೆ 17. ಈ ಅಂತರ ಮೂರು ಯೋಜನೆಗಳ ಗುಣಮಟ್ಟದ ಅಂತರ ಎಂದು ಪ್ಯಾರಿಸ್‌ನಲ್ಲಿ ಕುಳಿತವರೂ ಹೇಳಲಾರರು.

ಹಿಂದೆ ಸರಿಯುವ ಧೈರ್ಯ ಹೆಚ್ಚಾಗಿ ಬರುವುದು ಆಡಳಿತದೊಳಗೇ ಎರಡು ಬಣಗಳಿದ್ದಾಗ. 1989ರ ಪ್ಯಾರಿಸ್ ಎಕ್ಸ್‌ಪೋವನ್ನು ಅಧ್ಯಕ್ಷ ಮಿತ್ತೆರಾಂ 1983ರಲ್ಲಿ ಕೈಬಿಟ್ಟದ್ದು, ಮೇಯರ್ ಆಗಿದ್ದ ರಾಜಕೀಯ ಎದುರಾಳಿ ಶಿರಾಕ್ ಒಪ್ಪದಿದ್ದ ಕಾರಣಕ್ಕೆ. 2025ರ ಎಕ್ಸ್‌ಪೋಗೆ ಒಸಾಕಾದ ಎದುರು ಕಣದಲ್ಲಿದ್ದ ಫ್ರಾನ್ಸ್ 2018ರ ಜನವರಿಯಲ್ಲಿ ಹಣಕಾಸಿನ ಲೆಕ್ಕ ಕೂಡಿಬರುತ್ತಿಲ್ಲವೆಂದು ಹಿಂದೆ ಸರಿಯಿತು. ಒಸಾಕಾದಲ್ಲಿ ಪ್ರಾಂತ್ಯ, ನಗರ ಎರಡೂ ಒಂದೇ ಪಕ್ಷದ ಕೈಯಲ್ಲಿದ್ದವು, ಕೇಂದ್ರ ಸರ್ಕಾರಕ್ಕೆ ಆ ಪಕ್ಷದ ಸ್ನೇಹ ಬೇಕಾಗಿತ್ತು. ಬೇಡವೆನ್ನುವ ಅಧಿಕಾರವುಳ್ಳವರು ಯಾರೂ ಉಳಿದಿರಲಿಲ್ಲ. ಮೇಳದ ಬಾಗಿಲು ಮುಚ್ಚಿದ ಒಂದು ವಾರಕ್ಕೆ ಇಶಿನ್ ಪಕ್ಷವು ಕೇಂದ್ರದಲ್ಲಿ ಆಳುವ ಎಲ್‌ಡಿಪಿಯೊಂದಿಗೆ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿತು.

ಕಂಬತೊಲೆಯವರ ಆಕ್ಷೇಪಕ್ಕೆ ಒಂದು ಮಾತು. ಉಂಗುರದ ಅಂದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 200 ಮೀಟರ್ ಮಾತ್ರ ಉಳಿಯುವುದೇಕೆ? ಇಡೀ ಉಂಗುರ ಉಳಿಯಬೇಕಾದರೆ ಅದರ ಕೆಳಗಿನ, ಒಳಗಿನ ನೆಲವೆಲ್ಲ ಉದ್ಯಾನವಾಗಿ ಉಳಿಯಬೇಕು, ಆ ನೆಲವನ್ನು ಖಾಸಗಿ ಅಭಿವೃದ್ಧಿಗೆ ಕೊಡುವ ಲೆಕ್ಕಾಚಾರ ಮೊದಲೇ ಆಗಿತ್ತು. ಮರದ ಪ್ರಶ್ನೆಯೂ ಜಮೀನಿನ ಪ್ರಶ್ನೆಗೇ ಬಂದು ನಿಲ್ಲುತ್ತದೆ.

ಉತ್ತರ: ಹಳೆಯ ಸಂಚಿಕೆ

ಪ್ರಬಂಧದಲ್ಲಿ ನಮ್ಮ ದೇಶದ ಉದಾಹರಣೆಯೂ ಇರಲಿ ಎಂದು ಇದನ್ನು ಸೇರಿಸುತ್ತಿದ್ದೇನೆ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ ದೆಹಲಿಯ ಪ್ರಗತಿ ಮೈದಾನದಲ್ಲಿ ಏಷ್ಯಾ 72 ಅಂತರರಾಷ್ಟ್ರೀಯ ವಾಣಿಜ್ಯ ಮೇಳ ನಡೆಯಿತು. ಅದಕ್ಕಾಗಿ ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ಹಾಲ್ ಆಫ್ ನೇಷನ್ಸ್ ಎಂಬ ಸಭಾಂಗಣವನ್ನು ಕಟ್ಟಿದರು. ಬೇರೆ ದೇಶಗಳಲ್ಲಿ ಉಕ್ಕಿನ ಕೊಳವೆಗಳಿಂದ ಮಾಡುತ್ತಿದ್ದ ಜಾಲರಿ ರಚನೆಯನ್ನು, ಉಕ್ಕು ದುಬಾರಿಯಾಗಿದ್ದ ನಮ್ಮಲ್ಲಿ ಕಾಂಕ್ರೀಟಿನಲ್ಲಿ ಕೂಲಿಯವರು ಕೈಯಾರೆ ಎರಕ ಹೊಯ್ದು ನಿಲ್ಲಿಸಿದ್ದರು. ಒಳಗೆ ಒಂದೂ ಕಂಬವಿರಲಿಲ್ಲ. ಮೈದಾನದ ಪುನರಭಿವೃದ್ಧಿಗೆಂದು ಅದನ್ನು ಕೆಡವುವ ಪ್ರಸ್ತಾಪ ಬಂದಾಗ ದೇಶವಿದೇಶಗಳ ವಾಸ್ತುಶಿಲ್ಪಿಗಳು ಪತ್ರ ಬರೆದರು, ದೆಹಲಿ ಹೈಕೋರ್ಟಿಗೂ ಹೋದರು. 60 ವರ್ಷ ತುಂಬದ ಕಟ್ಟಡವನ್ನು ಪಾರಂಪರಿಕವೆಂದು ಪರಿಗಣಿಸಲಾಗದು ಎಂಬುದು ಪರಂಪರೆ ಸಂರಕ್ಷಣಾ ಸಮಿತಿಯ ನಿಲುವಾಗಿತ್ತು. 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಕೆಡವಿದಾಗ ಅದಕ್ಕೆ 45 ವರ್ಷ ತುಂಬಿತ್ತು. 2023ರ ಜಿ20 ಶೃಂಗಸಭೆ ನಡೆದ ಭಾರತ್ ಮಂಟಪ ಅದೇ ಮೈದಾನದಲ್ಲಿದೆ. ಸೂರ್ಯಗೋಪುರವನ್ನು ಉಳಿಸುವ ತೀರ್ಮಾನವಾದಾಗ ಅದಕ್ಕೆ 5 ವರ್ಷ ಮಾತ್ರ ಆಗಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ಬರೆದರೆ, ಉಳಿಸುವ ಅಧಿಕಾರ ಯಾವ ಊರಿನಲ್ಲಿ ಯಾರ ಬಳಿ ಇತ್ತು ಎಂಬುದನ್ನು ನಿಮ್ಮ ಪ್ರಾಧ್ಯಾಪಕರು ಖಂಡಿತ ಕೇಳುತ್ತಾರೆ, ಅದಕ್ಕೆ ಉತ್ತರ ಸಿದ್ಧವಿಟ್ಟುಕೊಳ್ಳಿ.